ಇಷ್ಟು ಕಡಿಮೆ ದುಡ್ಡಿಗೆ ಜನ ಯಾಕೆ ನಿದ್ದೆಗೆಡುತ್ತಾರೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆನ್‌ಲೈನ್ ಗಿಗ್ ಕೆಲಸದ ಬಗ್ಗೆಯೇ ಇದ್ದವು, ಅಂದರೆ ತಿಂಗಳ ಸಂಬಳವಿಲ್ಲದೆ ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಅಂತ ದುಡ್ಡು ಸಿಗುವ ಕೆಲಸ. ಹಾಗಾಗಿ ಈ ಸಂಚಿಕೆಯಲ್ಲಿ ಬೇರೆ ಪ್ರಶ್ನೆ ತೆಗೆದುಕೊಂಡಿಲ್ಲ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದ ಪ್ರಶ್ನೆಗಳ ಬೇರು ಕೂಡ ಅದರಲ್ಲೇ ಇದೆ.

ಪ್ರಶ್ನೆ: ಮೇಡಂ, ನನ್ನ ಮಗ ಇಂಜಿನಿಯರಿಂಗ್ ಮುಗಿಸಿ ಒಂದೂವರೆ ವರ್ಷ ಆಯಿತು. ಕ್ಯಾಂಪಸ್‌ನಲ್ಲಿ ಆಫರ್ ಕೊಟ್ಟವರು ಕೊನೆಗೂ ಸೇರಿಸಿಕೊಳ್ಳಲಿಲ್ಲ. ಈಗ ಸಂಜೆ ಏಳಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತರೆ ಬೆಳಗಿನ ಜಾವದವರೆಗೂ ಏಳುವುದಿಲ್ಲ. ರಸ್ತೆಯ ಫೋಟೋಗಳಲ್ಲಿ ಕಾರು, ಸೈಕಲ್, ಜನರ ಸುತ್ತ ಚೌಕ ಎಳೆಯುತ್ತಾನೆ. ಕೇಳಿದರೆ ‘ಪ್ರಪಂಚದಲ್ಲೆಲ್ಲ ಮಾಡ್ತಾರಮ್ಮ’ ಅನ್ನುತ್ತಾನೆ. ಸಿಗುವುದು ಪುಡಿಗಾಸು. ಬೇರೆ ದೇಶದವರೂ ಇಷ್ಟು ಕಡಿಮೆಗೆ ಯಾಕೆ ಮಾಡುತ್ತಾರೆ? ಇವನಿಗೆ ಇದರಲ್ಲಿ ಏನು ಸಿಗುತ್ತಿದೆ?
— ಒಬ್ಬ ತಾಯಿ, ನಾಗರಬಾವಿ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ ಅಮ್ಮಾ. ಅವನು ಚೌಕ ಎಳೆಯುವ ಹಾಗೆಯೇ ಕೆನ್ಯಾದ ನೈರೋಬಿಯಲ್ಲಿ, ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ, ವೆನೆಜುವೆಲಾದ ಕರಾಕಸ್‌ನಲ್ಲಿ ಅವನ ವಯಸ್ಸಿನವರು ಎಳೆಯುತ್ತಿದ್ದಾರೆ. ಡ್ರೈವರ್ ಇಲ್ಲದ ಕಾರು ಓಡಬೇಕಾದರೆ ಯಾವುದು ಮನುಷ್ಯ, ಯಾವುದು ಕಂಬ ಅಂತ ಕಂಪ್ಯೂಟರಿಗೆ ಯಾರಾದರೂ ತೋರಿಸಿಕೊಡಬೇಕು. ಹಾಗೆ ತೋರಿಸಿಕೊಡುವವರು ಇವರು. ಕೆಲಸ ಹಾಕುವವರಲ್ಲಿ ಅಮೆರಿಕದವರು ಹೆಚ್ಚು, ಅದಕ್ಕೇ ಈ ರಾತ್ರಿ ಪಾಳಿ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಆದಾಗ ನಮ್ಮಲ್ಲಿ ಸಂಜೆ ಆರೂವರೆ, ಅವರ ಚಳಿಗಾಲದಲ್ಲಿ ಏಳೂವರೆ. ಒಳ್ಳೆ ದರದ ಕೆಲಸ ಬಂದರೆ ಬೇಗ ಖಾಲಿಯಾಗುತ್ತದೆ. ಕಾದು ಕೂರದೆ ವಿಧಿಯಿಲ್ಲ.

ಇನ್ನು ಯಾಕೆ ಮಾಡುತ್ತಾರೆ ಅನ್ನುವುದು. 2000ದ ಆಸುಪಾಸಿನಲ್ಲಿ ನಾನು ಜಯನಗರದ ಒಂದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಆಫೀಸಿನಲ್ಲಿದ್ದೆ. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ರೆಕಾರ್ಡ್ ಮಾಡಿದ್ದನ್ನು ಹೆಡ್‌ಫೋನ್ ಹಾಕಿ ಕೇಳಿ ಟೈಪ್ ಮಾಡುವ ಕೆಲಸ. 65 ಅಕ್ಷರಕ್ಕೆ ಒಂದು ಸಾಲು, ಸಾಲಿನ ಲೆಕ್ಕದಲ್ಲಿ ದುಡ್ಡು. ಎಲ್ಲರಿಗೂ ಒಂದೇ ದರ. ನನ್ನ ಎಡಕ್ಕೆ ಕೂತವಳು ತಂಗಿಯ ಮದುವೆಗೆ ಮಾಡಿದ ಸಾಲ ತೀರಿಸುತ್ತಿದ್ದಳು. ಬಲಕ್ಕೆ ಕೂತ ಹುಡುಗನಿಗೆ ಇಂಗ್ಲಿಷ್ ಕಿವಿಗೆ ಹತ್ತಬೇಕಿತ್ತು. ನನಗೆ ಅಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲು ಹಗಲು ಬಿಡುವು ಬೇಕಿತ್ತು. ಆಮೇಲೆ ಅಮ್ಮ ಹೋದರು. ನನ್ನ ಕಾರಣ ಬದಲಾಯಿತು, ಕೆಲಸ ಮುಂದುವರಿಯಿತು. ಈಗ ಹನುಮಂತನಗರದ ಮನೆಯಲ್ಲೇ ಕೂತು ಕನ್ನಡ ಸಬ್‌ಟೈಟಲ್, ಧ್ವನಿ ಪರಿಶೀಲನೆ ಮಾಡುತ್ತೇನೆ. ಈ ಕೆಲಸದಲ್ಲಿ ಇರುವವರಿಗೆಲ್ಲ ಒಂದೇ ಕಾರಣ ಇರುತ್ತದೆ ಅಂತ ನಾನು ಅಂದಿನಿಂದಲೂ ನಂಬಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ಇಂಥ ಸಣ್ಣ ಸಣ್ಣ ಕೆಲಸ ಮಾಡುವ 75 ದೇಶಗಳ 3,500 ಜನರನ್ನು ಕೇಳಿ 2018ರಲ್ಲಿ ಒಂದು ವರದಿ ತಂದಿತು. ಬೇರೆ ಕೆಲಸದ ಸಂಬಳ ಸಾಲದು, ಅದಕ್ಕೆ ಸೇರಿಸಿಕೊಳ್ಳಲು ಅಂದವರು ನೂರಕ್ಕೆ 32. ಮನೆಯಿಂದ ಕೆಲಸ ಮಾಡುವುದೇ ಇಷ್ಟ ಅಂದವರು 22. ಕೆಲಸ ಹುಡುಕುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಅರ್ಧದಷ್ಟು ಜನ ಗಂಟೆಗೆ 2.16 ಡಾಲರ್‌ಗಿಂತ ಕಡಿಮೆ ದುಡಿಯುತ್ತಿದ್ದರು.

ಈ ಎರಡು ಡಾಲರ್ ಒಂದೊಂದು ಊರಿನಲ್ಲಿ ಒಂದೊಂದು ಥರ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ಕೂಲಿಯೇ ಗಂಟೆಗೆ 7.25 ಡಾಲರ್, 2009ರಿಂದ. ಅಲ್ಲಿ ಎರಡು ಡಾಲರ್ ಏನೇನೂ ಅಲ್ಲ. ಆದರೂ ಮಾಡುವವರಿದ್ದಾರೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ತಾವೇ ಕಾಯಿಲೆಯಿಂದ ಹೊರಗೆ ಹೋಗಲಾಗದವರು, ಕೆಲಸವೇ ಇಲ್ಲದ ಸಣ್ಣ ಊರಿನವರು. ನನ್ನ ಸಬ್‌ಟೈಟಲ್ ತಂಡದಲ್ಲಿ ಒಹಾಯೊ ರಾಜ್ಯದ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಔಷಧಿ ಖರ್ಚಿಗೆ ಅಂತ ಶುರು ಮಾಡಿದವರು. ಅಮೆರಿಕದವರು ಸುಮ್ನೆ ಹೊತ್ತು ಕಳೆಯಲು ಮಾಡುತ್ತಾರೆ ಅಂತ ನಮ್ಮಲ್ಲಿ ಒಂದು ಕಲ್ಪನೆ ಇದೆ. ಅಂಥವರೂ ಇದ್ದಾರೆ. ಆದರೆ ಪ್ಯೂ ಸಂಶೋಧನಾ ಕೇಂದ್ರ 2016ರಲ್ಲಿ ಕೇಳಿದಾಗ, ಆ್ಯಪ್ ಮತ್ತು ವೆಬ್‌ಸೈಟ್‌ಗಳ ಮೂಲಕ ಕೆಲಸ ಮಾಡುವ ಅಮೆರಿಕನ್ನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ದುಡ್ಡು ತಮಗೆ ಬೇಕೇ ಬೇಕು ಅಥವಾ ಮುಖ್ಯ ಅಂದಿದ್ದರು.

ವೆನೆಜುವೆಲಾದ ಕಥೆ ಬೇರೆ. 2018ರ ಹೊತ್ತಿಗೆ ಅಲ್ಲಿ ಬೆಲೆ ಏರಿಕೆ ಹೇಗಿತ್ತೆಂದರೆ, ತಿಂಗಳ ಸಂಬಳ ಕೈಗೆ ಬರುವಷ್ಟರಲ್ಲಿ ಅದಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಅದೇ ಸಮಯಕ್ಕೆ ಸ್ವಯಂಚಾಲಿತ ಕಾರಿನ ಕಂಪನಿಗಳಿಗೆ ಫೋಟೋ ಗುರುತಿಸುವ ಜನ ಬೇಕಾದರು. ಓದಿದವರು, ಮನೆಯಲ್ಲಿ ಇಂಟರ್‌ನೆಟ್ ಇದ್ದವರು ಗುಂಪು ಗುಂಪಾಗಿ ಸೇರಿದರು. ಅವರಿಗೆ ಎಷ್ಟು ಸಿಗುತ್ತದೆ ಅನ್ನುವುದಕ್ಕಿಂತ ಡಾಲರಿನಲ್ಲಿ ಸಿಗುತ್ತದೆ ಅನ್ನುವುದು ದೊಡ್ಡದಾಗಿತ್ತು. ನಿಮ್ಮ ಮಗನ ಹಾಗೇ ಚೌಕ ಎಳೆದವರು ಅವರು. ಆದರೆ ಅವರ ಬೆನ್ನ ಹಿಂದೆ ಇದ್ದದ್ದು ಹಸಿವು.

ಫಿಲಿಪ್ಪೀನ್ಸ್‌ನಲ್ಲಿ ಮೊದಲಿನಿಂದಲೂ ಎಷ್ಟೋ ಮನೆಗಳಿಂದ ಒಬ್ಬರು ವಿದೇಶಕ್ಕೆ ದುಡಿಯಲು ಹೋಗುವ ರೂಢಿ. ನರ್ಸ್, ಹಡಗಿನ ಕೆಲಸ, ಮನೆಗೆಲಸ. ನಮ್ಮ ಭಟ್ಕಳ, ಮಂಗಳೂರು ಕಡೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿನವರಿಗೆ ಇಂಗ್ಲಿಷ್ ಬರುತ್ತದೆ, ಕಾಲ್ ಸೆಂಟರಿನ ಅಭ್ಯಾಸವೂ ಇದೆ. ಸೆಬು ಊರಿನ ಒಬ್ಬ ಹೆಣ್ಣುಮಗಳು ನನ್ನ ಜೊತೆ ಒಂದು ಪ್ರಾಜೆಕ್ಟಿನಲ್ಲಿದ್ದಳು. ಅವಳ ತಾಯಿ ಕುವೈತಿನಲ್ಲಿ ದುಡಿದು ಇವಳನ್ನು ಓದಿಸಿದ್ದರು. ‘ನನ್ನ ಮಗಳು ಅಮ್ಮನನ್ನು ಫೋನಿನಲ್ಲಿ ನೋಡಿ ಬೆಳೆಯಬಾರದು, ಅದಕ್ಕೇ ಈ ಕೆಲಸ’ ಅಂದಿದ್ದಳು. ಅವಳು ಯಾವತ್ತೂ ಮೊದಲು ದರದ ಮಾತು ಎತ್ತಿದ್ದು ನನಗೆ ನೆನಪಿಲ್ಲ.

ಕೆನ್ಯಾದಲ್ಲಿ ನಿಮ್ಮ ಮಗನಂಥವರೇ ಜಾಸ್ತಿ. ಡಿಗ್ರಿ ಇದೆ, ಕೆಲಸ ಇಲ್ಲ. ಅಲ್ಲಿನ ಸರ್ಕಾರವೇ 2016ರಲ್ಲಿ ‘ಅಜೀರಾ’ ಅನ್ನುವ ಯೋಜನೆ ತಂದು ಯುವಕರನ್ನು ಆನ್‌ಲೈನ್ ಕೆಲಸಕ್ಕೆ ತಯಾರು ಮಾಡಿತು. ಇದು ಮೊದಲ ಮೆಟ್ಟಿಲು, ಮುಂದೆ ಒಳ್ಳೆಯದು ಸಿಗುತ್ತದೆ ಅನ್ನುವ ನಂಬಿಕೆ ಅವರನ್ನು ಎಳೆದು ತಂದಿತು. ಕೆಲವರಿಗೆ ಆ ನಂಬಿಕೆ ಮುರಿಯಿತು. ಚಾಟ್‌ಜಿಪಿಟಿಗಾಗಿ ಅತಿ ಕೆಟ್ಟ ಬರಹಗಳನ್ನು ಓದಿ ಗುರುತು ಹಾಕಿದವರಿಗೆ ಗಂಟೆಗೆ ಎರಡು ಡಾಲರಿಗೂ ಕಡಿಮೆ ಸಿಕ್ಕಿತ್ತು ಅಂತ 2023ರಲ್ಲಿ ಟೈಮ್ ಪತ್ರಿಕೆ ಬರೆಯಿತು. ಅದೇ ವರ್ಷ ಮೇ 1ರಂದು ನೈರೋಬಿಯಲ್ಲಿ ಇಂಥ ಕೆಲಸದವರು ನೂರೈವತ್ತಕ್ಕೂ ಹೆಚ್ಚು ಜನ ಸೇರಿ ಸಂಘ ಕಟ್ಟಲು ತೀರ್ಮಾನಿಸಿದರು. ನನಗೆ ಆ ಸುದ್ದಿ ಓದಿ ತುಂಬಾ ಸಂತೋಷವಾಯಿತು. ಒಂಟಿಯಾಗಿ ಪರದೆ ಮುಂದೆ ಕೂತವರು ಒಬ್ಬರನ್ನೊಬ್ಬರು ಹುಡುಕಿಕೊಂಡರಲ್ಲ.

ನಮ್ಮ ದೇಶ ಈ ಕೆಲಸಕ್ಕೆ ಹೊಸತೇನಲ್ಲ. ಇಂಥ ಸಣ್ಣ ಸಣ್ಣ ಕೆಲಸಗಳನ್ನು ಜನರಿಗೆ ಹಂಚುವ ಅಮೆಜಾನ್‌ನ ವೆಬ್‌ಸೈಟ್ ಮೆಕ್ಯಾನಿಕಲ್ ಟರ್ಕ್ ಶುರುವಾಗಿದ್ದು 2005ರಲ್ಲಿ. ಮುಂದೆ ಭಾರತದವರು ದುಡ್ಡನ್ನು ರೂಪಾಯಿಯಲ್ಲೇ ಪಡೆಯುವ ವ್ಯವಸ್ಥೆ ಬಂತು. ಆಗ ಬೇರೆ ಹೆಚ್ಚಿನ ದೇಶದವರಿಗೆ ಸಿಗುತ್ತಿದ್ದದ್ದು ಗಿಫ್ಟ್ ಕಾರ್ಡ್ ಮಾತ್ರ. 2010ರ ಹೊತ್ತಿಗೆ ಅಲ್ಲಿ ಕೆಲಸ ಮಾಡುವವರಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತೀಯರೇ ಇದ್ದರು. ಇದೇ ತಮ್ಮ ಮುಖ್ಯ ಆದಾಯ ಅಂದವರ ಪ್ರಮಾಣವೂ ಅಮೆರಿಕದವರಿಗಿಂತ ನಮ್ಮಲ್ಲೇ ಹೆಚ್ಚು.

ಇನ್ನೊಂದು ವಿಷಯ ಹೇಳಬೇಕು, ನಿಮಗೆ ಉಪಯೋಗಕ್ಕೆ ಬರುತ್ತದೆ. ‘ಯಾಕೆ ಮಾಡ್ತೀಯಾ’ ಅಂತ ನೇರವಾಗಿ ಕೇಳಿದರೆ ಜನ ನಿಜ ಹೇಳುವುದಿಲ್ಲ. ಕೇಳುವವರಿಗೆ ಯಾವುದು ಚೆನ್ನಾಗಿ ಕಾಣುತ್ತದೋ ಅದನ್ನು ಹೇಳುತ್ತಾರೆ. 2012ರಲ್ಲಿ ಇಬ್ಬರು ಸಂಶೋಧಕರು ಅಮೆರಿಕ ಮತ್ತು ಭಾರತದ ಕೆಲಸಗಾರರ ಮೇಲೆ ಇದನ್ನು ಪರೀಕ್ಷಿಸಿದರು. ಇಂಥ ಪರೀಕ್ಷೆಯ ಉಪಾಯ ಸರಳ. ಒಂದು ಗುಂಪಿಗೆ ಕೆಲವು ವಾಕ್ಯಗಳ ಪಟ್ಟಿ ಕೊಟ್ಟು, ಇದರಲ್ಲಿ ಎಷ್ಟು ನಿಮಗೆ ಒಪ್ಪುತ್ತವೆ, ಸಂಖ್ಯೆ ಮಾತ್ರ ಹೇಳಿ ಅನ್ನುವುದು. ಇನ್ನೊಂದು ಗುಂಪಿಗೆ ಅದೇ ಪಟ್ಟಿಗೆ ‘ದುಡ್ಡಿಗಾಗಿ’ ಎಂಬಂಥ ಒಂದು ಕಾರಣ ಸೇರಿಸಿ ಕೊಡುವುದು. ಎರಡು ಸರಾಸರಿಗಳ ವ್ಯತ್ಯಾಸ ನೋಡಿದರೆ, ಯಾರೂ ಬಾಯಿಬಿಡದೆ ನಿಜ ಸಂಗತಿ ಗೊತ್ತಾಗುತ್ತದೆ. ಎರಡೂ ದೇಶಗಳಲ್ಲಿ ಬಹಿರಂಗವಾಗಿ ಹೇಳಿದ್ದಕ್ಕೂ ಹೀಗೆ ಸಿಕ್ಕಿದ್ದಕ್ಕೂ ತಾಳೆಯಾಗಲಿಲ್ಲ. ತಾಳೆ ತಪ್ಪಿದ ರೀತಿ ಕೂಡ ಎರಡು ಕಡೆ ಬೇರೆ ಬೇರೆ ಇತ್ತು.

ಹಾಗಾಗಿ ನಿಮ್ಮ ಮಗನನ್ನು ಯಾಕೆ ಅಂತ ಕೇಳಬೇಡಿ. ನನಗೆ ಅನ್ನಿಸುವುದು ಇಷ್ಟು. ಆಫರ್ ಕೊಟ್ಟು ಕೈಬಿಟ್ಟವರಿಂದ ಅವನಿಗೆ ಪೆಟ್ಟು ಬಿದ್ದಿದೆ. ಇಲ್ಲಿ ಇಂಟರ್‌ವ್ಯೂ ಇಲ್ಲ, ‘ತಿಳಿಸುತ್ತೇವೆ’ ಅನ್ನುವವರಿಲ್ಲ. ಮಾಡಿದರೆ ಖಾತೆಯಲ್ಲಿ ಒಂದು ಅಂಕಿ ಕಾಣುತ್ತದೆ. ಆ ಅಂಕಿ ಅವನನ್ನು ಎತ್ತಿ ನಿಲ್ಲಿಸಿದೆ. ದಯವಿಟ್ಟು ಅವನೆದುರು ಪುಡಿಗಾಸು ಅನ್ನಬೇಡಿ.

ಬದಲಿಗೆ ಒಂದು ಸಂಜೆ ಪಕ್ಕದಲ್ಲಿ ಕೂತು ಕೆಲಸ ತೋರಿಸು ಅನ್ನಿ. ಒಂದು ತಿಂಗಳು ನಿಜವಾಗಿ ಎಷ್ಟು ಗಂಟೆ ಕೂರುತ್ತಾನೆ, ಕೆಲಸಕ್ಕಾಗಿ ಕಾದದ್ದನ್ನೂ ಸೇರಿಸಿ, ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿ. ಐಎಲ್‌ಒ ಲೆಕ್ಕದಲ್ಲಿ ದುಡ್ಡು ಸಿಗುವ ಪ್ರತಿ ಗಂಟೆಗೆ ದುಡ್ಡು ಸಿಗದ 20 ನಿಮಿಷ ಅಂಟಿಕೊಂಡಿರುತ್ತದೆ. ತನ್ನ ಗಂಟೆಯ ನಿಜವಾದ ಬೆಲೆ ಅವನೇ ಕಂಡುಕೊಳ್ಳಲಿ. ಇತರರ ಕೆಲಸ ಪರೀಕ್ಷಿಸುವ ಜಾಗಕ್ಕೆ ಏರುವ ದಾರಿ ಅಲ್ಲಿ ಇದ್ದರೆ ಅದಕ್ಕೆ ಪ್ರಯತ್ನಿಸಲಿ. ಇಲ್ಲದಿದ್ದರೆ ವಾರದಲ್ಲಿ ಎರಡು ರಾತ್ರಿ ಬಿಟ್ಟು, ಆ ಬೆಳಗ್ಗೆಗಳನ್ನು ಬೇರೆ ಕೆಲಸ ಹುಡುಕಲು ಇಟ್ಟುಕೊಳ್ಳಲಿ. ನಿದ್ದೆಯ ವಿಷಯದಲ್ಲಿ ಮಾತ್ರ ನೀವು ಅಮ್ಮನಾಗಿ ಹಟ ಹಿಡಿಯಬಹುದು.

ಪ್ರಶ್ನೆ: ಅಕ್ಕಾ, ಮಗು ಆದಮೇಲೆ ಆಫೀಸ್ ಬಿಟ್ಟೆ. ಮನೆಯಿಂದ ಅನುವಾದ ಮತ್ತು ಸಬ್‌ಟೈಟಲ್ ಮಾಡುತ್ತೇನೆ. ಅತ್ತೆ ಬಂದವರಿಗೆಲ್ಲ ‘ಮನೇಲೇ ಇದ್ದಾಳೆ’ ಅನ್ನುತ್ತಾರೆ. ನಮ್ಮೆಜಮಾನರು ಟೈಂಪಾಸ್ ಅನ್ನುತ್ತಾರೆ. ಒಮ್ಮೊಮ್ಮೆ ನನಗೂ ಹಾಗೇ ಅನಿಸುತ್ತದೆ. ನನ್ನಂಥವರು ಬೇರೆ ಕಡೆಯೂ ಇದ್ದಾರಾ?
— ಯಲಹಂಕದ ಓದುಗರು

ಉತ್ತರ: ಇದ್ದಾರೆ ತಂಗಿ. ಆದರೆ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಮೇಲೆ ಹೇಳಿದ ಐಎಲ್‌ಒ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬರು ಮಾತ್ರ ಹೆಂಗಸರು. ನಮ್ಮಂಥ ದೇಶಗಳಲ್ಲಿ ಐವರಲ್ಲಿ ಒಬ್ಬರು. ಮನೆಯಿಂದ ಮಾಡುವ ಕೆಲಸ, ಹೆಂಗಸರಿಗೆ ಹೇಳಿ ಮಾಡಿಸಿದ್ದು ಅಂತ ಎಲ್ಲರೂ ಹೇಳುತ್ತಾರೆ. ಆದರೂ ನಮ್ಮ ಹೆಣ್ಣುಮಕ್ಕಳು ಅಲ್ಲಿಗೆ ತಲುಪುವುದಿಲ್ಲ. ಲ್ಯಾಪ್‌ಟಾಪ್ ಮನೆಯಲ್ಲಿ ಮೊದಲು ಯಾರ ಕೈಗೆ ಹೋಗುತ್ತದೆ, ಯಾರ ಎರಡು ಗಂಟೆಗೆ ಯಾರೂ ಅಡ್ಡ ಬರುವುದಿಲ್ಲ ಅನ್ನುವುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಬಾಗಿಲು ಬಡಿದರೆ ಎದ್ದು ಹೋಗುವವರು ನೀವೇ ತಾನೆ?

ನೀವು ಹೊರಗೆ ಹೋಗಲಾಗದೆ ಇದನ್ನು ಮಾಡುತ್ತಿದ್ದೀರೋ, ಇದೇ ಇಷ್ಟವಾಗಿ ಮಾಡುತ್ತಿದ್ದೀರೋ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಎರಡೂ ಸರಿ. ಎರಡೂ ಸೇರಿದ್ದರೆ ಅದೂ ಸರಿ. ಆದರೆ ದುಡ್ಡು ನಿಮ್ಮ ಹೆಸರಿನ ಖಾತೆಗೇ ಬರಲಿ, ಗಂಡನ ಖಾತೆಗೆ ಬೇಡ. ವಿದೇಶದಿಂದ ಬಂದ ಹಣಕ್ಕೆ ಬ್ಯಾಂಕಿನಿಂದ ದಾಖಲೆ ತೆಗೆದಿಟ್ಟುಕೊಳ್ಳಿ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ಐಟಿ ರಿಟರ್ನ್ಸ್ ಸಲ್ಲಿಸಿ. ನಾಳೆ ನಿಮ್ಮ ಹೆಸರಿನಲ್ಲಿ ಸಾಲ ಬೇಕಾದಾಗ ಬ್ಯಾಂಕಿನವರು ಕೇಳುವುದು ಆ ಕಾಗದಗಳನ್ನೇ. ಅತ್ತೆಯವರಿಗೆ ವಾದ ಮಾಡಿ ತಿಳಿಸಲು ಹೋಗಬೇಡಿ. ದಿನಕ್ಕೆ ಇಷ್ಟು ಹೊತ್ತಿನಿಂದ ಇಷ್ಟು ಹೊತ್ತು ನನ್ನ ಕೆಲಸ, ಆಗ ಮಗು ನಿಮ್ಮ ಹತ್ತಿರ ಇರಲಿ ಅಂತ ಸಮಯ ಹೇಳಿ ಕೇಳಿ. ಸಮಯ ಗೊತ್ತಾದರೆ ಮನೆಯವರು ಹೊಂದಿಕೊಳ್ಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಪ್ರಶ್ನೆ: ನಾನು ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಒಂದು ಸಣ್ಣ ಕಂಪನಿ ನಡೆಸುತ್ತೇನೆ. ಕನ್ನಡ ಧ್ವನಿಯನ್ನು ಅಕ್ಷರಕ್ಕೆ ಇಳಿಸುವ ಕೆಲಸಕ್ಕೆ ಹುಬ್ಬಳ್ಳಿ, ಶಿವಮೊಗ್ಗ ಕಡೆಯವರು ಇದ್ದಾರೆ. ಇಂಗ್ಲಿಷ್ ಕೆಲಸಕ್ಕೆ ಫಿಲಿಪ್ಪೀನ್ಸ್‌ನವರು. ದರ ಹೆಚ್ಚಿಸಿದೆ. ಜಾಸ್ತಿ ಫೈಲ್ ಮಾಡುತ್ತಾರೆ, ತಪ್ಪು ಮಾತ್ರ ಕಡಿಮೆ ಆಗಿಲ್ಲ. ಇವರಿಗೆ ಹುರುಪು ತುಂಬುವುದು ಹೇಗೆ?

ಉತ್ತರ: ನೀವು ಕಂಡದ್ದನ್ನೇ 2009ರಲ್ಲಿ ವಿಂಟರ್ ಮೇಸನ್ ಮತ್ತು ಡಂಕನ್ ವಾಟ್ಸ್ ಎಂಬ ಸಂಶೋಧಕರು ಕಂಡಿದ್ದರು. ದರ ಏರಿಸಿದರೆ ಜನ ಹೆಚ್ಚು ಕೆಲಸ ಮಾಡುತ್ತಾರೆ, ಗುಣಮಟ್ಟ ಏರುವುದಿಲ್ಲ. ಇದನ್ನು ಓದಿ ದರ ಇಳಿಸಬೇಡಿ. ನ್ಯಾಯವಾದ ದರ ಕೊಡುವುದು ನಿಮ್ಮ ಕರ್ತವ್ಯ, ಅದು ಗುಣಮಟ್ಟಕ್ಕೆ ಕೊಡುವ ಲಂಚ ಆಗಬೇಕಿಲ್ಲ.

2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನಿಮಗೆ ಹೆಚ್ಚು ಉಪಯೋಗ. ಚಾಂಡ್ಲರ್ ಮತ್ತು ಕಪೆಲ್ನರ್ ಎಂಬುವರು ಮೆಕ್ಯಾನಿಕಲ್ ಟರ್ಕ್‌ನ ಅಮೆರಿಕ ಮತ್ತು ಭಾರತದ ಕೆಲಸಗಾರರಿಗೆ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಚುಕ್ಕೆ ಗುರುತಿಸುವ ಕೆಲಸ ಕೊಟ್ಟರು. ಕೆಲವರಿಗೆ ‘ಇವು ಗಡ್ಡೆಯ ಜೀವಕೋಶಗಳು, ವೈದ್ಯಕೀಯ ಸಂಶೋಧನೆಗೆ ಸಹಾಯ ಆಗುತ್ತದೆ’ ಅಂದರು. ಕೆಲವರಿಗೆ ಏನೂ ಹೇಳಲಿಲ್ಲ. ಇನ್ನು ಕೆಲವರಿಗೆ, ನೀವು ಮಾಡಿದ್ದನ್ನು ಉಳಿಸಿಕೊಳ್ಳುವುದಿಲ್ಲ ಅಂದರು. ಕಾರಣ ತಿಳಿದವರಲ್ಲಿ ಕೆಲಸಕ್ಕೆ ಒಪ್ಪಿಕೊಂಡವರು ಹೆಚ್ಚು. ತಮ್ಮ ಕೆಲಸ ಬಿಸಾಡುತ್ತಾರೆ ಅಂತ ತಿಳಿದವರ ಗುಣಮಟ್ಟ ಬಿತ್ತು. ನೀವು ಕಳಿಸುವ ಫೈಲಿಗೆ ಒಂದು ನಂಬರ್ ಬಿಟ್ಟು ಬೇರೆ ಏನಾದರೂ ಬರೆದಿರುತ್ತೀರಾ? ಈ ಧ್ವನಿ ಎಲ್ಲಿಗೆ ಹೋಗುತ್ತದೆ, ಯಾರಿಗೆ ಉಪಯೋಗ ಅಂತ ಎರಡು ಸಾಲು ಬರೆಯಿರಿ. ನಿಜವನ್ನೇ ಬರೆಯಿರಿ.

ಉದಾಹರಣೆ ನಮ್ಮಲ್ಲೇ ಇದೆ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಕರ್ನಾಟಕದ ಹಳ್ಳಿಯವರಿಂದ ಕನ್ನಡ ವಾಕ್ಯಗಳನ್ನು ಓದಿಸಿ ರೆಕಾರ್ಡ್ ಮಾಡಿಸಿತು. ಕ್ಷಯರೋಗದ ಬಗ್ಗೆ ಕನ್ನಡದಲ್ಲೇ ಉತ್ತರಿಸುವ ಚಾಟ್‌ಬಾಟ್‌ಗಾಗಿ ಆ ಕೆಲಸ. ಅವರು ಕೊಡುವ ದರ ಗಂಟೆಗೆ ಸುಮಾರು 5 ಡಾಲರ್. ಆ ಧ್ವನಿಯನ್ನು ಮತ್ತೆ ಮಾರಿದರೆ ಓದಿದವರಿಗೂ ಪಾಲು. ದುಡ್ಡು, ಭಾಷೆ, ಉದ್ದೇಶ ಮೂರೂ ಒಟ್ಟಿಗೆ ಇವೆ. ನಮ್ಮ ಮಾತಿಗೆ ಬೆಲೆ ಇದೆ ಅಂತ ಒಬ್ಬ ರೈತ ಹೆಂಗಸಿಗೆ ಅನ್ನಿಸುವುದು ಸಣ್ಣ ವಿಷಯ ಅಲ್ಲ.

ಇನ್ನೊಂದು ಮಾತು. ಕೆಲಸ ತಿರಸ್ಕರಿಸುವಾಗ ಕಾರಣ ಕೊಡಿ. ಹಿಂದೆ ಒಬ್ಬ ಗಿರಾಕಿ ನನ್ನ ಇಡೀ ವಾರದ ಸಬ್‌ಟೈಟಲ್‌ಗಳನ್ನು ‘ಸರಿಯಿಲ್ಲ’ ಅನ್ನುವ ಒಂದೇ ಮಾತಿನಲ್ಲಿ ವಾಪಸ್ ಕಳಿಸಿ, ದುಡ್ಡು ಕೊಡದೆ, ಆಮೇಲೆ ಅದನ್ನೇ ಬಳಸಿಕೊಂಡಿದ್ದರು. ಐಎಲ್‌ಒ ಮಾತಾಡಿಸಿದವರಲ್ಲೂ ಹತ್ತರಲ್ಲಿ ಒಂಬತ್ತರಷ್ಟು ಜನರಿಗೆ ಕೆಲಸ ತಿರಸ್ಕಾರವಾದ ಅಥವಾ ದುಡ್ಡು ಸಿಗದ ಅನುಭವ ಇತ್ತು. ಬೋನಸ್ಸಿಗಿಂತ ಮೊದಲು ಇದನ್ನು ಸರಿಮಾಡಿ. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ-ಬೆಂಗಳೂರು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜೊತೆಗೂಡಿ ನಡೆಸುವ ‘ಫೇರ್‌ವರ್ಕ್’ ಯೋಜನೆಯಲ್ಲಿ ಕಂಪನಿಗಳಿಗೆ ಅಂಕ ಕೊಡುತ್ತದೆ. ಕೂಲಿ, ಕೆಲಸದ ಸ್ಥಿತಿ, ಕರಾರು, ನಿರ್ವಹಣೆ, ಕೆಲಸಗಾರರ ದನಿ ಎಂಬ ಐದು ವಿಷಯಗಳಲ್ಲಿ. ಅವರ ವರದಿ ಓದಿ, ನಿಮ್ಮ ಕಂಪನಿಗೆ ನೀವೇ ಅಂಕ ಹಾಕಿಕೊಳ್ಳಿ.

ಪ್ರಶ್ನೆ: ಟೆಲಿಗ್ರಾಂನಲ್ಲಿ ವಿಡಿಯೊ ಲೈಕ್ ಮಾಡಿದರೆ ದುಡ್ಡು ಅಂದರು. ಮೊದಲು 150 ರೂಪಾಯಿ ಬಂತು. ಈಗ 5,000 ಕಟ್ಟಿದರೆ ದೊಡ್ಡ ಟಾಸ್ಕ್ ಕೊಡುತ್ತಾರಂತೆ. ಕಟ್ಟಲಾ?
— ವಿದ್ಯಾರ್ಥಿ, ಕೆಂಗೇರಿ

ಉತ್ತರ: ಬೇಡ. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಆ 150 ಬಂದದ್ದು ನಿಮ್ಮ ನಂಬಿಕೆ ಗಳಿಸಲು. ಗುಂಪಿನಿಂದ ಹೊರಬನ್ನಿ. ಈಗಾಗಲೇ ಕಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಅಪ್ಪ ಅಮ್ಮನಿಗೂ ಹೇಳಿ, ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ.

ಪ್ರಶ್ನೆ: ನಾನು ಫುಡ್ ಡೆಲಿವರಿ ಮಾಡುತ್ತೇನೆ. ಬೆನ್ನು ನೋವು ಜಾಸ್ತಿ ಆಗಿದೆ. ಬೈಕ್ ಬಿಟ್ಟು ಮನೆಯಲ್ಲೇ ಕೂತು ಆನ್‌ಲೈನ್ ಕೆಲಸ ಮಾಡೋಣ ಅಂತ. ಅದೂ ಗಿಗ್, ಇದೂ ಗಿಗ್ ಅಲ್ವಾ?
— ಕಾಮಾಕ್ಷಿಪಾಳ್ಯ

ಉತ್ತರ: ಹೆಸರು ಒಂದೇ, ಆದರೆ ಆಸರೆ ಬೇರೆ. ಕ್ಯಾಬ್, ಡೆಲಿವರಿಯಂಥ ಕೆಲಸದವರಿಗಾಗಿ ನಮ್ಮ ರಾಜ್ಯ 2025ರಲ್ಲಿ ಕಾನೂನು ತಂದಿದೆ. ಪ್ರತಿ ವಹಿವಾಟಿನಲ್ಲಿ ನಿಮಗೆ ಕೊಡುವ ದುಡ್ಡಿನ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ನಿಮ್ಮನ್ನು ತೆಗೆಯಬೇಕಾದರೆ ಕಾರಣ ಹೇಳಿ 14 ದಿನ ಮೊದಲೇ ತಿಳಿಸಬೇಕು. ಎಲ್ಲೋ ದೂರದ ದೇಶದ ವೆಬ್‌ಸೈಟಿನಲ್ಲಿ ನಿಮ್ಮ ಖಾತೆ ಒಂದು ಬೆಳಿಗ್ಗೆ ಬಂದ್ ಆದರೆ, ಕೇಳಲು ಆಫೀಸೂ ಸಿಗುವುದಿಲ್ಲ. ಜೊತೆಯವರು ಸೇರಿ ಧರಣಿ ಕೂರಲು ಜಾಗವೂ ಇರುವುದಿಲ್ಲ.

ಆದರೂ ಬೆನ್ನು ನಿಮ್ಮದು. ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ. ಬೈಕನ್ನು ಒಮ್ಮೆಲೇ ಬಿಡಬೇಡಿ, ಮಳೆ ಹಿಡಿದ ದಿನ ಅಥವಾ ಆರ್ಡರ್ ಕಡಿಮೆ ಇರುವ ಮಧ್ಯಾಹ್ನ ಶುರು ಮಾಡಿ. ನಿಮ್ಮ ಕನ್ನಡ ಚೆನ್ನಾಗಿದೆ, ಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ. ಧ್ವನಿ ರೆಕಾರ್ಡಿಂಗ್, ಕನ್ನಡ ಟೈಪಿಂಗ್ ಕೆಲಸಗಳಿಂದ ಶುರು ಮಾಡಬಹುದು. ಅದಕ್ಕೆ ಒಂದು ಒಳ್ಳೆ ಫೋನ್ ಮತ್ತು ಗದ್ದಲವಿಲ್ಲದ ಕೋಣೆ ಸಾಕು. ಮೂರು ತಿಂಗಳ ಆದಾಯ ಎರಡೂ ಕಡೆಯದು ಬರೆದಿಟ್ಟು ನನಗೆ ಇನ್ನೊಂದು ಪತ್ರ ಹಾಕಿ. ಆ ಅಂಕಿಗಳನ್ನು ಮುಂದಿಟ್ಟುಕೊಂಡು ಮಾತಾಡೋಣ.